ಗಾಜು ಒಪ್ಪಿದ ಬೆಳಕು

ಕಳೆದ ಮುಂಗಾರಿನ ಮೊದಲ ವಾರ ನಮ್ಮ ಬೀದಿಯ ಹೊಂಗೆಮರದ ಕೊಂಬೆಯೊಂದು ಮುರಿದು, ಕಂಬದಿಂದ ಕಂಬಕ್ಕೆ ಎಳೆದಿದ್ದ ಕೇಬಲ್ಲಿನ ಮೇಲೆ ಬಿತ್ತು. ಮನೆಯೊಳಗಿನ ಇಂಟರ್ನೆಟ್ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಣುಕತೊಡಗಿತು. ಮಧ್ಯಾಹ್ನ ರಿಪೇರಿಯ ಹುಡುಗ ಬಂದ. ಜಗಲಿಯ ಮೇಲೆ ಕೂತು, ಬ್ಯಾಗಿನಿಂದ ದಪ್ಪ ಪೆನ್ನಿನಂಥದ್ದೊಂದನ್ನು ತೆಗೆದು ಕೇಬಲ್ಲಿನ ತುದಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಕೊಂಬೆ ಜಜ್ಜಿದ ಜಾಗದಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು ಬೆಳಕು ಹೊರಗೆ ಸೋರಿತು.

"ಇಲ್ಲೇ ಕಟ್ಟಾಗಿದೆ ಸಾರ್."

"ಇಂಟರ್ನೆಟ್ ತರೋದು ಇದೇ ಬೆಳಕಾ?" ಎಂದು ಕೇಳಿದೆ.

"ಇಲ್ಲ ಸಾರ್, ಇದು ಕಟ್ ಹುಡುಕೋಕೆ ಮಾತ್ರ. ನಾಲ್ಕೈದು ಕಿಲೋಮೀಟ್ರು ಹೋಗೋಷ್ಟರಲ್ಲಿ ಸುಸ್ತಾಗುತ್ತೆ. ಕೆಲಸ ಮಾಡೋ ಬೆಳಕು ಕಣ್ಣಿಗೆ ಕಾಣಲ್ಲ. ಕಾಣಲ್ಲ ಅಂತ ಒಳಗೆ ಕಣ್ಣಿಟ್ಟು ನೋಡಬೇಡಿ ಮತ್ತೆ."

ಆಮೇಲೆ ಅವನು ಎಳೆಯ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ತುಂಡುಗಳನ್ನೂ ಸ್ಪ್ಲೈಸಿಂಗ್ ಮೆಶಿನ್ನಿನಲ್ಲಿ ಎದುರುಬದುರು ಇಟ್ಟ. ಪುಟ್ಟ ಪರದೆಯ ಮೇಲೆ ಎರಡೂ ತುದಿಗಳು ಕಂಬಗಳಷ್ಟು ದಪ್ಪಗೆ ಕಂಡವು. ಒಂದು ಕಿಡಿ ಹಾರಿತು. ಗಾಜು ಗಾಜಿನೊಳಗೆ ಕರಗಿ ಒಂದಾಯಿತು. ಮೀಟರನ್ನು ಚುಚ್ಚಿ ಅವನು ಗುಂಡಿ ಒತ್ತಿದಂತೆ ಪರದೆಯ ಮೇಲೆ ಅಂಕಿಗಳು ಬದಲಾದವು: 1310, 1490, 1550. ಈ ಅಂಕಿಗಳು ಎಲ್ಲಿಂದ ಬಂದವು ಎಂದೆ. "ಎಲ್ಲಾ ಮೀಟರಲ್ಲೂ ಇದೇ ಇರುತ್ತೆ ಸಾರ್" ಎಂದ.

ಅವನು ಹೇಳಿದ್ದು ನಿಜ. ಬೆಂಗಳೂರಾಗಲಿ ಬರ್ಲಿನ್ನಾಗಲಿ, ಎಲ್ಲ ಮೀಟರುಗಳಲ್ಲೂ ಇವೇ ಅಂಕಿಗಳು. ಆದರೆ ಇವು ಸಭೆ ಸೇರಿ ಮತ ಹಾಕಿ ಆರಿಸಿದ ಅಂಕಿಗಳಲ್ಲ. ಯಾವ ಬೆಳಕನ್ನು ದೂರಕ್ಕೆ ಕೊಂಡೊಯ್ಯುತ್ತೇನೆ, ಯಾವುದನ್ನು ದಾರಿಯಲ್ಲೇ ನುಂಗುತ್ತೇನೆ ಎಂಬುದನ್ನು ಗಾಜೇ ತೀರ್ಮಾನಿಸಿತ್ತು. ಅದರ ಮನಸ್ಸನ್ನು ತಿಳಿಯಲು ಲಂಡನ್, ನ್ಯೂಯಾರ್ಕ್ ರಾಜ್ಯ, ಲೆನಿನ್‌ಗ್ರಾಡ್, ಇಬಾರಾಕಿ, ಸೌತಾಂಪ್ಟನ್‌ಗಳಲ್ಲಿ ಒಂದು ಪೀಳಿಗೆಯ ಜನ ದುಡಿದರು. ದೂರಸಂಪರ್ಕದ ಚರಿತ್ರೆಯಲ್ಲಿ ಇಷ್ಟು ತಾಳ್ಮೆಯ ಅಧ್ಯಾಯ ನನಗೆ ಬೇರೆ ಕಂಡಿಲ್ಲ.

ಬೆಳಕು ಒಂದು ಅಲೆ. ಅದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದೇ ಅದರ ಕಂಪನಾಂಕ. ಒಂದು ಕಂಪನದಲ್ಲಿ ಅದು ಕ್ರಮಿಸುವ ದೂರ ತರಂಗಾಂತರ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕಂಪನವಾದರೆ ಅದು ಒಂದು ಟೆರಾಹರ್ಟ್ಸ್. ಪ್ರಯೋಗಾಲಯದ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕು 474 ಟೆರಾಹರ್ಟ್ಸ್, ಅಂದರೆ ಸೆಕೆಂಡಿಗೆ 474 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಅದರ ತರಂಗಾಂತರ 633 ನ್ಯಾನೊಮೀಟರ್. ರೇಡಿಯೊ ಅಲೆಯ ಪಕ್ಕದಲ್ಲಿಟ್ಟು ನೋಡಿದರೆ ಇದು ಊಹೆಗೂ ಮೀರಿದ ವೇಗದ ನಡುಕ. ಅಲೆ ಎಷ್ಟು ವೇಗವಾಗಿ ನಡುಗುತ್ತದೋ ಅದರ ಹೆಗಲ ಮೇಲೆ ಅಷ್ಟು ಹೆಚ್ಚು ಮಾತು, ಅಷ್ಟು ಹೆಚ್ಚು ಚಿತ್ರ ಹೇರಬಹುದು. ಎಂಜಿನಿಯರುಗಳು ರೇಡಿಯೊದಿಂದ ಮೈಕ್ರೋವೇವಿಗೆ, ಅಲ್ಲಿಂದ ಬೆಳಕಿಗೆ ಏರುತ್ತ ಹೋದದ್ದು ಇದೇ ಆಸೆಯಿಂದ.

ಆಸೆ ಮಾತ್ರ ಹಳೆಯದು. 1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವರ ಸಹಾಯಕ ಚಾರ್ಲ್ಸ್ ಸಮ್ನರ್ ಟೇಂಟರ್ ವಾಷಿಂಗ್ಟನ್ ನಗರದಲ್ಲಿ ಬಿಸಿಲಿನ ಮೇಲೆ ಮಾತನ್ನು ಹೇರಿ ಕಳಿಸಿದರು. ಮಾತಾಡಿದಾಗ ಅದುರುವ ತೆಳು ಕನ್ನಡಿಯ ಮೇಲೆ ಬಿದ್ದ ಬಿಸಿಲು ಮಾತಿಗೆ ತಕ್ಕಂತೆ ಏರಿಳಿಯುತ್ತಿತ್ತು. ಶಾಲೆಯೊಂದರ ಮಾಳಿಗೆಯಿಂದ ಹೊರಟ ಆ ಬೆಳಕನ್ನು 213 ಮೀಟರ್ ದೂರದ ಪ್ರಯೋಗಾಲಯದಲ್ಲಿ ಸೆಲೆನಿಯಂ ಹಿಡಿದು ಮತ್ತೆ ಮಾತಾಗಿಸಿತು. ಬೆಲ್ ತಮ್ಮ ಟೆಲಿಫೋನಿಗಿಂತ ಈ ಫೋಟೊಫೋನನ್ನೇ ದೊಡ್ಡದೆಂದು ನಂಬಿದ್ದರು. ಆದರೆ ಮೋಡ ಕವಿದರೆ, ಮಂಜು ಇಳಿದರೆ ಮಾತು ನಿಂತುಹೋಗುತ್ತಿತ್ತು. ಬೆಳಕಿಗೆ ಬೇಕಾದದ್ದು ಮಳೆಗಾಳಿಯ ಹಂಗಿಲ್ಲದ ಒಂದು ದಾರಿ.

ಗಾಜಿನ ಎಳೆ ಆ ದಾರಿಯಾಗಬಹುದೆಂದು 1950ರ ದಶಕದಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರ ಕಳಿಸಿ ತೋರಿಸಿದರು. 'ಫೈಬರ್ ಆಪ್ಟಿಕ್ಸ್' ಎಂಬ ಹೆಸರನ್ನು ಲೋಕಕ್ಕೆ ಪರಿಚಯಿಸಿದವರೂ ಅವರೇ. ಆದರೆ ಆ ಎಳೆಗಳ ಉದ್ದ ಕೈಯಳತೆಯದು. ವೈದ್ಯರು ಹೊಟ್ಟೆಯೊಳಗೆ ಇಣುಕಲು ಅಷ್ಟು ಸಾಕಿತ್ತು, ಊರಿಂದೂರಿಗೆ ಮಾತು ಕಳಿಸಲು ಸಾಲದು. ಅಂದಿನ ಒಳ್ಳೆಯ ಗಾಜಿನಲ್ಲೂ ಕಿಲೋಮೀಟರಿಗೆ 1000 ಡೆಸಿಬೆಲ್ ನಷ್ಟ. ಡೆಸಿಬೆಲ್ ಲೆಕ್ಕದಲ್ಲಿ 20 ಎಂದರೆ ನೂರರಲ್ಲಿ ಒಂದೇ ಪಾಲು ಉಳಿಯಿತು ಎಂದರ್ಥ. ಅಂದರೆ ಬರೀ 20 ಮೀಟರ್ ದಾಟುವಷ್ಟರಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಬೆಳಕು ಹೋಗಿಬಿಡುತ್ತಿತ್ತು.

ಶಾಂಘೈಯಲ್ಲಿ ಹುಟ್ಟಿ, ಇಂಗ್ಲೆಂಡಿನ ಹಾರ್ಲೋ ಊರಿನ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವ್ ಇಲ್ಲಿ ಬೇರೆಯೇ ಪ್ರಶ್ನೆ ಕೇಳಿದರು: ಈ ನಷ್ಟ ಗಾಜಿನದೋ, ಗಾಜಿನೊಳಗಿನ ಕೊಳೆಯದೋ? 1966ರಲ್ಲಿ ಜಾರ್ಜ್ ಹಾಕ್‌ಹ್ಯಾಮ್ ಜೊತೆ ಬರೆದ ಲೇಖನದಲ್ಲಿ ಅವರು ಕೊಟ್ಟ ಉತ್ತರ ಸ್ಪಷ್ಟವಾಗಿತ್ತು. ತಪ್ಪು ಗಾಜಿನದಲ್ಲ, ಅದರೊಳಗೆ ಸೇರಿಕೊಂಡ ಕಬ್ಬಿಣದಂಥ ಲೋಹಗಳ ಕಣಗಳದು. ಅವನ್ನು ತೆಗೆದರೆ ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಯುವುದು ಸಾಧ್ಯ, ಅಷ್ಟಾದರೆ ಟೆಲಿಫೋನಿಗೆ ಸಾಕು ಎಂದರು. ಹೆಚ್ಚಿನವರು ನಂಬಲಿಲ್ಲ. ಕಾವ್ ದೇಶದೇಶ ಸುತ್ತಿ ಗಾಜಿನ ಕಾರ್ಖಾನೆಗಳ ಬಾಗಿಲು ತಟ್ಟಿದರು. ಶುದ್ಧ ಸಿಲಿಕಾ ಗಾಜನ್ನು ತರಿಸಿ ತಾವೇ ಅಳೆದು, ಅದರ ನಷ್ಟ ತಾವು ಹೇಳಿದ್ದಕ್ಕಿಂತಲೂ ಎಷ್ಟೋ ಕಡಿಮೆ ಎಂದು ತೋರಿಸಿದರು. ಅವರಿಗೆ ನೊಬೆಲ್ ಬಂದದ್ದು 2009ರಲ್ಲಿ. ಆ ವೇಳೆಗೆ ಮರೆವಿನ ಕಾಯಿಲೆ ಅವರನ್ನು ಆವರಿಸಿತ್ತು, ಉಪನ್ಯಾಸವನ್ನು ಅವರ ಪತ್ನಿ ಗ್ವೆನ್ ಓದಿದರು. ಲೋಕದ ಮಾತನ್ನೆಲ್ಲ ಹೊತ್ತೊಯ್ಯುವ ದಾರಿ ತೋರಿದವರ ಮಾತನ್ನು ಇನ್ನೊಬ್ಬರು ಆಡಬೇಕಾಯಿತಲ್ಲ ಎಂದು ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾವ್ ಅವರ ಸವಾಲನ್ನು ಗೆದ್ದದ್ದು ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಎಂಬ ಪಟ್ಟಣದ ಗಾಜಿನ ಕಂಪನಿ. ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಸ್ ಎಂಬ ಮೂವರು ಸಿಲಿಕಾದೊಳಗೆ ಒಂದಿಷ್ಟು ಟೈಟಾನಿಯಂ ಬೆರೆಸಿ ಎಳೆ ತೆಗೆದರು. 1970ರ ಆಗಸ್ಟಿನ ಒಂದು ಶುಕ್ರವಾರ ಸಂಜೆ ಕೆಕ್ ಒಬ್ಬರೇ ಉಳಿದು, ಕಾಯಿಸಿ ತಂದ ಎಳೆಯೊಂದಕ್ಕೆ ಕೆಂಪು ಲೇಸರ್ ಹಾಯಿಸಿದರು. ಲೆಕ್ಕ ಹಾಕಿದರೆ ನಷ್ಟ 20 ಡೆಸಿಬೆಲ್‌ಗಿಂತ ಕಡಿಮೆ! ಲೋಕಕ್ಕೆ ಅವರು ತಿಳಿಸಿದ ಅಂಕಿ 17. ಪ್ರಯೋಗದ ನೋಟುಪುಸ್ತಕದಲ್ಲಿ ಅಂಕಿಗಳ ಪಕ್ಕ ಕೆಕ್ 'ವೂಪೀ' ಎಂದು ಬರೆದುಕೊಂಡರು. ವಿಜ್ಞಾನಿಯ ನೋಟುಪುಸ್ತಕದಲ್ಲಿ ಹೀಗೊಂದು ಕೇಕೆ ಉಳಿದುಕೊಂಡಿರುವುದು ನನಗೆ ಬಲು ಇಷ್ಟ.

ಆ ಸಂಜೆಯ ಬೆಳಕು ಕೆಂಪು, 633 ನ್ಯಾನೊಮೀಟರಿನದು. ನಮ್ಮ ಜಗಲಿಯ ಮೇಲೆ ಆ ಹುಡುಗ ಹಾಯಿಸಿದ ಪೆನ್ನಿನ ಬೆಳಕೂ ಹೆಚ್ಚುಕಡಿಮೆ ಅದೇ ಬಣ್ಣದ್ದು. ಫೈಬರಿನ ಮೊದಲ ಗೆಲುವು ಕಣ್ಣಿಗೆ ಕಾಣುವ ಬೆಳಕಿನಲ್ಲೇ ಆಯಿತು. ಅಲ್ಲಿಂದ ಮುಂದಿನ ಪಯಣವೆಲ್ಲ ಕೆಂಪಿನಿಂದ ಕೆಳಕ್ಕೆ, ಕಂಪನಾಂಕ ಇಳಿಯುತ್ತ ಹೋಗುವ ಅವಗೆಂಪಿನ ಕತ್ತಲೆಯೊಳಕ್ಕೆ. ಹೆಚ್ಚು ಮಾತು ಹೇರಬೇಕೆಂದು ಕಂಪನಾಂಕದ ಮೆಟ್ಟಿಲು ಏರಿ ಬಂದವರು ಗಾಜಿನೊಳಗೆ ಕಾಲಿಟ್ಟ ಮೇಲೆ ಒಂದೊಂದೇ ಮೆಟ್ಟಿಲು ಇಳಿಯಬೇಕಾಯಿತು.

ಮೊದಲ ಮೆಟ್ಟಿಲನ್ನು ಇಳಿಸಿದ್ದು ಗಾಜಲ್ಲ, ಲೇಸರ್. ಅರೆವಾಹಕದ ಲೇಸರ್ ಯಾವ ಕಂಪನಾಂಕದ ಬೆಳಕು ಬೀರುತ್ತದೆಂಬುದು ಅದರ ಹರಳಿನ ಸ್ವಭಾವಕ್ಕೆ ಬಿಟ್ಟದ್ದು. ಹರಳಿನೊಳಗೆ ಎಲೆಕ್ಟ್ರಾನು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಬೀಳುವಾಗ ಆ ಎತ್ತರ ಎಷ್ಟೋ ಬೆಳಕಿನ ಕಂಪನಾಂಕವೂ ಅಷ್ಟು. 1970ರಲ್ಲೇ ಲೆನಿನ್‌ಗ್ರಾಡಿನಲ್ಲಿ ಝೋರೆಸ್ ಅಲ್ಫಿಯೋರೊವ್ ಅವರ ತಂಡವೂ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇಝುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್ ಜೋಡಿಯೂ ಕೋಣೆಯ ಉಷ್ಣತೆಯಲ್ಲಿ ಆರದೆ ಉರಿಯುವ ಲೇಸರನ್ನು ಮಾಡಿದರು. ಹರಳು ಗ್ಯಾಲಿಯಂ ಆರ್ಸೆನೈಡ್. ಅದು ಬೀರಿದ ಬೆಳಕು 850 ನ್ಯಾನೊಮೀಟರಿನ ಆಸುಪಾಸಿನದು, ಸುಮಾರು 353 ಟೆರಾಹರ್ಟ್ಸ್. ಕೈಗೆ ಸಿಕ್ಕ ಲೇಸರ್ ಅದಾದ್ದರಿಂದ ಮೊದಲ ಫೈಬರ್ ಫೋನುಗಳೂ ಅದರಲ್ಲೇ ಮಾತಾಡಿದವು. 1977ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ, ಮೇ ತಿಂಗಳಲ್ಲಿ ಶಿಕಾಗೊ ನಗರದ ನೆಲದಡಿಯಲ್ಲಿ ಜನರ ನಿಜವಾದ ಕರೆಗಳು ಗಾಜಿನೊಳಗೆ ಹರಿದವು.

ಅಷ್ಟರಲ್ಲಿ ಗಾಜನ್ನು ಹತ್ತಿರದಿಂದ ಬಲ್ಲವರಿಗೆ ಒಂದು ಸಂಗತಿ ಗೊತ್ತಾಗಿತ್ತು. ಕೊಳೆಯನ್ನೆಲ್ಲ ತೆಗೆದ ಮೇಲೂ ಉಳಿಯುವ ಒಂದು ನಷ್ಟವಿದೆ. ಅದು ಆಕಾಶ ನೀಲಿಯಾಗಿ ಕಾಣಲು ಕಾರಣವಾದ ಚದುರಿಕೆಯೇ. ಗಾಜು ಕುಲುಮೆಯಲ್ಲಿ ಕರಗಿದ್ದಾಗ ಅದರ ಅಣುಗಳು ಅಡ್ಡಾದಿಡ್ಡಿ ಅಲೆದಾಡುತ್ತಿರುತ್ತವೆ. ಆರಿ ಗಟ್ಟಿಯಾಗುವಾಗ ಆ ಅಸ್ತವ್ಯಸ್ತ ಹಾಗೇ ಹೆಪ್ಪುಗಟ್ಟುತ್ತದೆ. ಆ ಏರುಪೇರುಗಳಿಗೆ ತಾಗಿ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಬ್ರಿಟಿಷ್ ವಿಜ್ಞಾನಿ ಲಾರ್ಡ್ ರೇಲೆ ಹತ್ತೊಂಬತ್ತನೇ ಶತಮಾನದಲ್ಲೇ ಕಂಡುಕೊಂಡಂತೆ ಈ ಚದುರಿಕೆ ಕಂಪನಾಂಕದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಕಂಪನಾಂಕ ಅರ್ಧವಾದರೆ ಚದುರಿಕೆ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ನೀಲಿ ಬೆಳಕು ಆಕಾಶದ ತುಂಬ ಹರಡಿ, ಕೆಂಪು ಮಾತ್ರ ಮುಳುಗುವ ಸೂರ್ಯನಿಂದ ನೇರವಾಗಿ ನಮ್ಮನ್ನು ಮುಟ್ಟುವುದು ಈ ಲೆಕ್ಕದಿಂದಲೇ. ಗಾಜಿನೊಳಗೂ ಅದೇ ಲೆಕ್ಕ: 850ರಿಂದ 1550ಕ್ಕೆ ಹೋದರೆ ಚದುರಿಕೆ ಹನ್ನೊಂದು ಪಟ್ಟು ಕಡಿಮೆ. ಹಾಗೆಂದು ಇಳಿಯುತ್ತಲೇ ಇರಲೂ ಆಗದು. 1600 ನ್ಯಾನೊಮೀಟರ್ ದಾಟಿದರೆ ಬೆಳಕಿನ ಕಂಪನ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳ ಸ್ವಂತ ಅದುರಾಟದ ಹತ್ತಿರ ಬರುತ್ತ ಹೋಗುತ್ತದೆ, ಗಾಜು ಬೆಳಕನ್ನು ಹೀರಿ ಬಿಸಿಯಾಗಿಸಿಕೊಳ್ಳುತ್ತದೆ. ಮೇಲಿಂದ ಚದುರಿಕೆ, ಕೆಳಗಿಂದ ಹೀರಿಕೆ, ಎರಡರ ನಡುವೆ ಒಂದು ಕಣಿವೆ. ಆ ಕಣಿವೆಯ ತಳ ಇರುವುದು 1550ರಲ್ಲಿ, 193 ಟೆರಾಹರ್ಟ್ಸ್ ಸುತ್ತಮುತ್ತ.

ಕಣಿವೆಯ ನಡುವೆ ಒಂದು ದಿಬ್ಬವೂ ಇತ್ತು. ನೀರು. ಗಾಜು ಮಾಡುವಾಗ ಜ್ವಾಲೆಯಿಂದಲೋ ಗಾಳಿಯಿಂದಲೋ ಒಳಸೇರಿದ ತೇವ, ಹೈಡ್ರಾಕ್ಸಿಲ್ ಆಗಿ ಅಲ್ಲೇ ನೆಲೆಸುತ್ತದೆ. ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಇದ್ದರೂ ಸಾಕು, 1383 ನ್ಯಾನೊಮೀಟರಿನ ಬಳಿ ಕಿಲೋಮೀಟರಿಗೆ ಹತ್ತಾರು ಡೆಸಿಬೆಲ್ ನುಂಗಿಬಿಡುತ್ತದೆ. ಈ ದಿಬ್ಬ ಇರುವವರೆಗೂ ಅದರಾಚೆಗಿನ ಕಣಿವೆ ಯಾರಿಗೂ ಸರಿಯಾಗಿ ಕಂಡಿರಲಿಲ್ಲ. ಜಪಾನಿನ ಮಸಾಹರು ಹೊರಿಗುಚಿ ಮತ್ತು ಹಿರೋಶಿ ಒಸಾನಾಯ್ 1976ರಲ್ಲಿ ಗಾಜನ್ನು ಚೆನ್ನಾಗಿ ಒಣಗಿಸಿ, 1200 ನ್ಯಾನೊಮೀಟರಿನ ಬಳಿ ನಷ್ಟವನ್ನು 0.47 ಡೆಸಿಬೆಲ್‌ಗೆ ಇಳಿಸಿದರು. ಮೂರೇ ವರ್ಷದಲ್ಲಿ, 1979ರಲ್ಲಿ, ಜಪಾನಿನ ದೂರಸಂಪರ್ಕ ಸಂಸ್ಥೆಯ ಇಬಾರಾಕಿ ಪ್ರಯೋಗಾಲಯದ ತಂಡ 1550ರಲ್ಲಿ 0.2 ಡೆಸಿಬೆಲ್ ಮುಟ್ಟಿತು. ಕಾವ್ ಒಂದು ಕಿಲೋಮೀಟರ್ ನಡೆದ ಮೇಲೆ ನೂರರಲ್ಲೊಂದು ಪಾಲು ಬೆಳಕು ಉಳಿದರೆ ಸಾಕೆಂದಿದ್ದರು. ಹದಿಮೂರು ವರ್ಷಗಳ ನಂತರ ಅದೇ ಒಂದು ಪಾಲು ನೂರು ಕಿಲೋಮೀಟರ್ ನಡೆದ ಮೇಲೂ ಉಳಿಯಿತು. ಬೆಂಗಳೂರಿನಿಂದ ತುಮಕೂರು ದಾಟಿ ಶಿರಾ ಹತ್ತಿರದವರೆಗೂ ಹಬ್ಬುವಷ್ಟು ದಪ್ಪನೆಯ ಗಾಜಿನ ಗೋಡೆ, ಅದರಾಚೆಯ ದೀಪ ಈಚೆಗೆ ಕಾಣುತ್ತಿದೆ ಎಂದು ಊಹಿಸಿಕೊಂಡರೆ ಈ ಗಾಜು ಎಂಥದೆಂದು ತಿಳಿಯುತ್ತದೆ. ಸಮುದ್ರದ ನೀರು ಇಷ್ಟು ತಿಳಿಯಾಗಿದ್ದಿದ್ದರೆ ಹಡಗಿನ ಮೇಲಿನಿಂದ ತಳವೇ ಕಾಣುತ್ತಿತ್ತು.

ಇಷ್ಟಾದರೂ ಎಂಜಿನಿಯರುಗಳು ನೇರವಾಗಿ 1550ಕ್ಕೆ ಹೋಗಲಿಲ್ಲ. ನಡುವೆ 1300ರಲ್ಲಿ ತಂಗಿದರು. ಕಾರಣ ನಷ್ಟವಲ್ಲ, ವೇಗ. ಗಾಜಿನೊಳಗೆ ಎಲ್ಲ ಕಂಪನಾಂಕಗಳೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ತಂಡವನ್ನು ನೆನೆಯಿರಿ. ಊರ ಬಾಗಿಲಲ್ಲಿ ಎಲ್ಲರೂ ಒಟ್ಟಿಗೇ ಇರುತ್ತಾರೆ, ಘಟ್ಟ ಇಳಿಯುವಷ್ಟರಲ್ಲಿ ಹುಡುಗರು ಮುಂದೆ, ಹಿರಿಯರು ಹಿಂದೆ, ಹಿಂದಿನಿಂದ ಬಂದ ಬೇರೆ ಊರಿನ ತಂಡವೂ ನಡುವೆ ಸೇರಿ ಯಾರು ಯಾವ ಊರಿನವರೆಂದೇ ತಿಳಿಯುವುದಿಲ್ಲ. ಬೆಳಕಿನ ಮಿಡಿತವೂ ಹಾಗೆಯೇ. ಒಂದು ಮಿಡಿತದೊಳಗೆ ಸ್ವಲ್ಪ ಸ್ವಲ್ಪ ಬೇರೆಯಾದ ಅನೇಕ ಕಂಪನಾಂಕಗಳಿರುತ್ತವೆ. ದೂರ ಹೋದಂತೆ ಅವು ಹಿಂದುಮುಂದಾಗಿ, ಮಿಡಿತ ಹರಡಿ ಪಕ್ಕದ ಮಿಡಿತದ ಮೇಲೆ ಬೀಳುತ್ತದೆ. ಇದನ್ನೇ ಡಿಸ್ಪರ್ಷನ್ ಎನ್ನುತ್ತಾರೆ. 1975ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇಯ್ನ್ ಮತ್ತು ಅಲೆಕ್ ಗ್ಯಾಂಬ್ಲಿಂಗ್ ತೋರಿಸಿದಂತೆ, 1300 ನ್ಯಾನೊಮೀಟರಿಗೆ ತುಸು ಮೊದಲು ಸಿಲಿಕಾದ ಈ ಗುಣ ಸೊನ್ನೆಯಾಗುತ್ತದೆ. ಅಲ್ಲಿ ತಂಡದ ಎಲ್ಲರೂ ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತಾರೆ. ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್, ರಂಜಕ ನಾಲ್ಕನ್ನೂ ಬೆರೆಸಿದ ಹೊಸ ಹರಳಿನ ಲೇಸರ್ ಕೂಡ ಅದೇ ಹೊತ್ತಿಗೆ ಬಂತು. 1988ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಕೆಲಸ ಶುರುಮಾಡಿದ ಮೊದಲ ಫೈಬರ್ ಕೇಬಲ್ ಟ್ಯಾಟ್-8 ಮಾತಾಡಿದ್ದು 1300ರಲ್ಲೇ. ಒಂದೇ ಸಲಕ್ಕೆ 40,000 ಕರೆಗಳನ್ನು ಹೊರುವ ಶಕ್ತಿ ಅದಕ್ಕಿತ್ತು. 1956ರಲ್ಲಿ ಅದೇ ಸಾಗರಕ್ಕೆ ಇಳಿಸಿದ್ದ ಮೊದಲ ತಾಮ್ರದ ಟೆಲಿಫೋನ್ ಕೇಬಲ್ ಹೊತ್ತದ್ದು 36 ಕರೆಗಳನ್ನು.

ಆದರೆ ಟ್ಯಾಟ್-8ರ ದಾರಿಯುದ್ದಕ್ಕೂ ಹತ್ತಾರು ಕಿಲೋಮೀಟರಿಗೊಂದು ಪೆಟ್ಟಿಗೆ ಇರಲೇಬೇಕಿತ್ತು. ಪ್ರತಿ ಪೆಟ್ಟಿಗೆಯೂ ಬಳಲಿದ ಬೆಳಕನ್ನು ವಿದ್ಯುತ್ತಾಗಿಸಿ, ತಿದ್ದಿ, ಮತ್ತೆ ಹೊಸ ಬೆಳಕಾಗಿಸಿ ಮುಂದಕ್ಕೆ ದಾಟಿಸುತ್ತಿತ್ತು. ಒಂದು ಎಳೆಯಲ್ಲಿ ಎರಡು ಕಂಪನಾಂಕ ಕಳಿಸಬೇಕೆಂದರೆ ಪೆಟ್ಟಿಗೆಯೊಳಗೂ ಎಲ್ಲವೂ ಎರಡೆರಡು ಬೇಕು. ಬೆಳಕನ್ನು ಬೆಳಕಾಗಿಯೇ ಬಲಪಡಿಸುವ ಮದ್ದು ಸಿಗದೆ ಮುಂದೆ ದಾರಿಯಿರಲಿಲ್ಲ.

ಮದ್ದು ಸಿಕ್ಕಿದ್ದು ಅಪರೂಪದ ಲೋಹವೊಂದರಲ್ಲಿ. ಸ್ವೀಡನ್ನಿನ ಇಟ್ಟರ್‌ಬಿ ಎಂಬ ಪುಟ್ಟ ಹಳ್ಳಿಯಿಂದ ನಾಲ್ಕು ಮೂಲಧಾತುಗಳಿಗೆ ಹೆಸರು ಬಂದಿದೆ. ಅವುಗಳಲ್ಲೊಂದು ಎರ್ಬಿಯಂ. 1987ರಲ್ಲಿ ಸೌತಾಂಪ್ಟನ್ನಿನಲ್ಲಿ ಅದೇ ಡೇವಿಡ್ ಪೇಯ್ನ್ ಅವರ ತಂಡ ಫೈಬರಿನ ನಡುಗಾಜಿಗೆ ಚಿಟಿಕೆ ಎರ್ಬಿಯಂ ಬೆರೆಸಿ, ಬೇರೊಂದು ಲೇಸರಿನಿಂದ ಅದಕ್ಕೆ ಶಕ್ತಿ ತುಂಬಿತು. ಆ ಎಳೆಯೊಳಗೆ ಬಳಲಿ ಬಂದ ಬೆಳಕು ತನ್ನದೇ ಕಂಪನಾಂಕದಲ್ಲಿ ನೂರಾರು ಪಟ್ಟು ಬಲಗೊಂಡು ಹೊರಬಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ ಇಮ್ಯಾನ್ಯುಯೆಲ್ ಡೆಸುರ್ವಿರ್ ಕೂಡ ಅದೇ ವರ್ಷ ಅದನ್ನೇ ಸಾಧಿಸಿದರು. ಎರ್ಬಿಯಂ ಬಲ ಕೊಡುವುದು ಎಲ್ಲ ಬೆಳಕಿಗೂ ಅಲ್ಲ. ಮುಖ್ಯವಾಗಿ 1530ರಿಂದ 1565 ನ್ಯಾನೊಮೀಟರಿನ ಪಟ್ಟಿಗೆ, ಅಂದರೆ ಗಾಜು ಅತಿ ಕಡಿಮೆ ನುಂಗುವ ಆ ಕಣಿವೆಯ ತಳಕ್ಕೇ! ಸಿಲಿಕಾದ ಅಣುಗಳಿಗೂ ಎರ್ಬಿಯಂ ಪರಮಾಣುವಿನ ಎಲೆಕ್ಟ್ರಾನುಗಳಿಗೂ ಪರಸ್ಪರ ಪರಿಚಯವಿಲ್ಲ. ಆದರೂ ಎರಡೂ ಒಂದೇ ಬೆಳಕನ್ನು ಒಪ್ಪಿದವು. ಈ ಕಾಕತಾಳೀಯ ಇಲ್ಲದಿದ್ದರೆ ಇಂದಿನ ಇಂಟರ್ನೆಟ್ ಈ ರೂಪದಲ್ಲಿ ಇರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. 1300ರ ತಂಗುದಾಣ ಬಿಟ್ಟು ದೂರದ ಹಾದಿಗಳೆಲ್ಲ 1550ಕ್ಕೆ ಗುಳೆ ಹೊರಟವು.

ಈ ಕತೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. 1921ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್, ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂಬ ರೇಲೆಯವರ ಮಾತನ್ನು ಒಪ್ಪಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರಿಗೆ ಮನವರಿಕೆಯಾಯಿತು. ಆ ಚದುರಿಕೆಯ ಬೆನ್ನು ಹತ್ತಿ ಏಳು ವರ್ಷ ನಡೆದ ಹಾದಿ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಫಲ ಕೊಟ್ಟಿತು. ಚದುರಿದ ಬೆಳಕಿನಲ್ಲಿ ಒಂದಿಷ್ಟು ಪಾಲು ತನ್ನ ಕಂಪನಾಂಕವನ್ನೇ ಬದಲಿಸಿಕೊಂಡು ಬರುತ್ತದೆ, ಬಿಟ್ಟುಕೊಟ್ಟ ಕಂಪನವನ್ನು ಅಣು ತನ್ನ ಅದುರಾಟಕ್ಕೆ ಇಟ್ಟುಕೊಳ್ಳುತ್ತದೆ. ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣದಲ್ಲಿ ರಾಮನ್ ಈ ಹೊಸ ವಿಕಿರಣವನ್ನು ವಿವರವಾಗಿ ಬಣ್ಣಿಸಿದರು.

ಸಿಲಿಕಾ ಗಾಜಿನಲ್ಲಿ ಈ ಬದಲಾವಣೆಯ ಅಳತೆ ಸುಮಾರು 13 ಟೆರಾಹರ್ಟ್ಸ್. ಬೆಲ್ ಲ್ಯಾಬ್ಸ್‌ನ ರೋಜರ್ ಸ್ಟೋಲೆನ್ ಮತ್ತು ಎರಿಕ್ ಇಪ್ಪೆನ್ 1970ರ ದಶಕದ ಆರಂಭದಲ್ಲಿ ಇದನ್ನು ಫೈಬರಿನೊಳಗೆ ಬಳಸಿ ತೋರಿಸಿದರು. 1450 ನ್ಯಾನೊಮೀಟರಿನ, ಅಂದರೆ 206 ಟೆರಾಹರ್ಟ್ಸ್‌ಗೆ ತುಸು ಮೇಲಿನ, ಬಲವಾದ ಬೆಳಕನ್ನು ಎಳೆಯೊಳಗೆ ತುಂಬಿದರೆ ಅದು 13 ಟೆರಾಹರ್ಟ್ಸ್ ಕೆಳಗಿರುವ 193ರ ಬೆಳಕಿಗೆ ತನ್ನ ಶಕ್ತಿಯನ್ನು ಧಾರೆಯೆರೆಯುತ್ತದೆ. ಇದಕ್ಕೆ ಎರ್ಬಿಯಂ ಬೇಡ, ಬೇರೆ ಪೆಟ್ಟಿಗೆ ಬೇಡ, ನೆಲದಡಿ ಹೂತಿಟ್ಟ ಮಾಮೂಲಿ ಫೈಬರೇ ಬಲವರ್ಧಕವಾಗುತ್ತದೆ. 2000ದ ಸುಮಾರಿಗೆ ಉದ್ದದ ಹಾದಿಗಳಲ್ಲಿ ರಾಮನ್ ಆಂಪ್ಲಿಫೈಯರುಗಳು ಬಳಕೆಗೆ ಬಂದವು. ರಾಮನ್ ಬೆಂಗಳೂರಿನಲ್ಲಿ ತೀರಿಕೊಂಡದ್ದು 1970ರ ನವೆಂಬರ್ 21ರಂದು, ಕೆಕ್ ನೋಟುಪುಸ್ತಕದಲ್ಲಿ ಕೇಕೆ ಹಾಕಿದ ಮೂರೂವರೆ ತಿಂಗಳ ನಂತರ. ತಾವು ಬಿಸಿಲಿನಲ್ಲೂ ಪಾದರಸದ ದೀಪದಲ್ಲೂ ಕಂಡದ್ದು ಮುಂದೆ ಗಾಜಿನ ಎಳೆಯೊಳಗೆ ಮಾತು ದಾಟಿಸುವುದನ್ನು ಅವರು ನೋಡಲಿಲ್ಲ.

ಎರ್ಬಿಯಂ ಬಂದ ಮೇಲೆ ಒಂದೇ ಎಳೆಯಲ್ಲಿ ಅನೇಕ ಕಂಪನಾಂಕಗಳನ್ನು ಕಳಿಸುವ ಆಟ ಶುರುವಾಯಿತು. ಒಂದೊಂದು ಕಂಪನಾಂಕವೂ ಒಂದೊಂದು ಹಾದಿ. ಎಲ್ಲವನ್ನೂ ಒಂದೇ ಆಂಪ್ಲಿಫೈಯರ್ ಒಟ್ಟಿಗೆ ಬಲಪಡಿಸುತ್ತದೆ. 1996ರಲ್ಲಿ ಅಮೆರಿಕದ ಸಿಯೆನಾ ಕಂಪನಿಯ ಯಂತ್ರ ಸ್ಪ್ರಿಂಟ್ ಜಾಲದಲ್ಲಿ 16 ಕಂಪನಾಂಕಗಳನ್ನು ಒಂದೇ ಎಳೆಯಲ್ಲಿ ಓಡಿಸಿತು. ಹೊಸ ಗಾಜು ಹಾಕದೆ, ನೆಲ ಅಗೆಯದೆ, ದಾರಿ ಹದಿನಾರು ಪಟ್ಟು ಅಗಲವಾಯಿತು.

ಗಾಜು ಮತ್ತೊಮ್ಮೆ ತಕರಾರು ತೆಗೆದದ್ದು ಇಲ್ಲಿ. ಎಂಬತ್ತರ ದಶಕದಲ್ಲಿ ಜಾಣರು ಒಂದು ಉಪಾಯ ಮಾಡಿದ್ದರು: ಎಳೆಯ ಒಳರಚನೆಯನ್ನು ಬದಲಿಸಿ ಡಿಸ್ಪರ್ಷನ್ ಸೊನ್ನೆಯಾಗುವ ಜಾಗವನ್ನು 1300ರಿಂದ 1550ಕ್ಕೆ ಸರಿಸಿದರು. ಕಡಿಮೆ ನಷ್ಟ, ಸೊನ್ನೆ ಡಿಸ್ಪರ್ಷನ್, ಎರಡೂ ಒಂದೇ ಕಡೆ. ಜಪಾನ್ ಇಂಥ ಫೈಬರನ್ನು ಬಹಳಷ್ಟು ಹಾಕಿತು. ಒಂದೇ ಕಂಪನಾಂಕ ಇದ್ದಾಗ ಅದು ಚೊಕ್ಕ ಚಿನ್ನ. ಹಲವು ಕಂಪನಾಂಕ ಹಾಯಿಸಿದಾಗ ಅವು ಒಂದರೊಡನೊಂದು ಬೆರೆತು, ಯಾರೂ ಕಳಿಸದ ಹೊಸ ಕಂಪನಾಂಕಗಳು ಎಳೆಯೊಳಗೇ ಹುಟ್ಟತೊಡಗಿದವು. ಲೆಕ್ಕ ಸರಳ. 193.1 ಮತ್ತು 193.2ರ ಬೆಳಕು ಇದ್ದರೆ, 193.2ರ ಎರಡರಷ್ಟರಿಂದ 193.1 ಕಳೆದು 193.3 ಹುಟ್ಟುತ್ತದೆ. ಅಲ್ಲಿ ಆಗಲೇ ಬೇರೊಬ್ಬರ ಮಾತು ಹೋಗುತ್ತಿರುತ್ತದೆ, ಹೊಸದು ಅದರ ಮೇಲೆ ಸವಾರಿ ಮಾಡುತ್ತದೆ. ಎಲ್ಲ ಕಂಪನಾಂಕಗಳೂ ಹೆಗಲಿಗೆ ಹೆಗಲು ಕೊಟ್ಟು ನಡೆಯುವುದರಿಂದಲೇ ಈ ಬೆರಕೆ ಕಿಲೋಮೀಟರುಗಟ್ಟಲೆ ಕೂಡುತ್ತ ಕೂಡುತ್ತ ಬಲಿಯುತ್ತದೆ. ಬೆಲ್ ಲ್ಯಾಬ್ಸ್‌ನ ಆಂಡ್ರ್ಯೂ ಕ್ರಾಪ್ಲಿವಿ ಮತ್ತು ರಾಬರ್ಟ್ ಟ್ಕಾಚ್ ತೊಂಬತ್ತರ ದಶಕದ ಆರಂಭದಲ್ಲಿ ಹೇಳಿದ ಪರಿಹಾರವೆಂದರೆ, ಡಿಸ್ಪರ್ಷನ್ನನ್ನು ಪೂರ್ತಿ ಸೊನ್ನೆ ಮಾಡಬೇಡಿ, ಒಂದಿಷ್ಟು ಉಳಿಸಿ. ಪಕ್ಕದ ಕಂಪನಾಂಕಗಳು ಹಿಂದುಮುಂದಾದರೆ ಒಂದನ್ನೊಂದು ಕೆಡಿಸಲು ಅವಕ್ಕೆ ಪುರಸೊತ್ತೇ ಸಿಗುವುದಿಲ್ಲ. ಹದಿನೈದು ವರ್ಷ ಯಾವುದನ್ನು ಶತ್ರುವೆಂದು ಓಡಿಸಿದ್ದರೋ ಅದನ್ನೇ ಕಾವಲಿಗೆ ಕರೆದು ನಿಲ್ಲಿಸಿಕೊಂಡರು.

ಹಾದಿಗಳು ಹೆಚ್ಚಾದ ಮೇಲೆ ಅವಕ್ಕೆ ಸರ್ವೆ ಕಲ್ಲು ನೆಡುವ ಕೆಲಸ ಬಂತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ 193.1 ಟೆರಾಹರ್ಟ್ಸ್ ಅನ್ನು ಮೂಲ ಕಲ್ಲಾಗಿ ಇಟ್ಟು, ಅದರ ಎರಡೂ ಬದಿಗೆ 100 ಗಿಗಾಹರ್ಟ್ಸ್‌ನಂಥ ಸಮ ಅಂತರದಲ್ಲಿ ಗೆರೆ ಹಾಕಿತು. ಅಲ್ಲಿಯವರೆಗೆ ಎಲ್ಲರೂ ನ್ಯಾನೊಮೀಟರಿನಲ್ಲಿ ಮಾತಾಡುತ್ತಿದ್ದವರು ಇಲ್ಲಿ ಕಂಪನಾಂಕಕ್ಕೆ ಹೊರಳಿದ್ದು ಸರಿಯಾದ ತೀರ್ಮಾನ. 1550 ನ್ಯಾನೊಮೀಟರ್ ಎಂಬುದು ಶೂನ್ಯದಲ್ಲಿನ ಅಳತೆ. ಗಾಜಿನೊಳಗೆ ಬೆಳಕು ನಿಧಾನಿಸುವುದರಿಂದ ಅದೇ ಅಲೆ 1070ರ ಹತ್ತಿರಕ್ಕೆ ಕುಗ್ಗುತ್ತದೆ. ಕಂಪನಾಂಕ ಮಾತ್ರ ಗಾಳಿಯಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ದಾಟಿದರೂ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಬೆಳಕಿನ ನಿಜವಾದ ಗುರುತು ಅದೇ.

ನಮ್ಮ ಮನೆಗಳ ಫೈಬರಿನಲ್ಲೂ ಇದೇ ವಿದ್ಯೆ ಚಿಕ್ಕ ರೂಪದಲ್ಲಿದೆ. ಕೂದಲಿನಷ್ಟು ತೆಳ್ಳಗಿನ ಒಂದೇ ಎಳೆಯಲ್ಲಿ ಕಂಪನಿಯಿಂದ ಮನೆಗೆ ಬರುವ ಬೆಳಕು 1490ರದು, ಮನೆಯಿಂದ ಹೋಗುವುದು 1310ರದು. ಕಂಪನಾಂಕ ಬೇರೆಯಾದ್ದರಿಂದ ಎದುರುಬದುರು ಬಂದರೂ ಒಂದಕ್ಕೊಂದು ಡಿಕ್ಕಿಯಾಗುವುದಿಲ್ಲ. ಮನೆಯ ಪಾಲಿಗೆ 1310 ಬಂದದ್ದೂ ಸುಮ್ಮನೆ ಅಲ್ಲ. ಅಲ್ಲಿ ಡಿಸ್ಪರ್ಷನ್ ಸೊನ್ನೆಯ ಹತ್ತಿರ ಇರುವುದರಿಂದ ಅಷ್ಟೇನೂ ನಿಖರವಲ್ಲದ ಅಗ್ಗದ ಲೇಸರ್ ಸಾಕು. ಲಕ್ಷಾಂತರ ಮನೆಗಳಿಗೆ ಒಂದೊಂದು ಲೇಸರ್ ಇಡಬೇಕಾದಾಗ ಆ ಅಗ್ಗವೇ ಮುಖ್ಯ.

ಈಗ ಗಾಜಿನ ಹಿಡಿತವನ್ನೇ ಬಿಡಿಸಿಕೊಳ್ಳುವ ಪ್ರಯತ್ನ ನಡೆದಿದೆ. ಅದೂ ಸೌತಾಂಪ್ಟನ್ನಿನಲ್ಲೇ. ನಡುವೆ ಟೊಳ್ಳು, ಸುತ್ತ ಕಾಗದಕ್ಕಿಂತಲೂ ತೆಳ್ಳಗಿನ ಗಾಜಿನ ಪುಟ್ಟ ಕೊಳವೆಗಳು, ಒಂದರೊಳಗೊಂದು. ಬೆಳಕು ಗಾಜನ್ನು ಹೆಚ್ಚುಕಡಿಮೆ ಮುಟ್ಟದೆ ಟೊಳ್ಳಿನ ಗಾಳಿಯಲ್ಲೇ ಸಾಗುತ್ತದೆ. 2025ರಲ್ಲಿ ಅಲ್ಲಿನ ಸಂಶೋಧಕರು ಇಂಥ ಎಳೆಯಲ್ಲಿ ಕಿಲೋಮೀಟರಿಗೆ 0.091 ಡೆಸಿಬೆಲ್ ನಷ್ಟವನ್ನು ಪ್ರಕಟಿಸಿದರು. ದಶಕಗಳಿಂದ ಯಾವ ಗಟ್ಟಿ ಗಾಜೂ ದಾಟಲಾಗದ ಗೆರೆಯನ್ನು ಅದು ದಾಟಿತ್ತು. ಬೆಳಕಿನ ವೇಗವೂ ಗಾಜಿನೊಳಗಿನದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಕಣಿವೆಯ ತಳ ಇನ್ನು 193ರಲ್ಲೇ ಇರಬೇಕಾಗಿಲ್ಲ. ಕೊಳವೆಗಳ ಗೋಡೆಯ ದಪ್ಪ ಬದಲಿಸಿದರೆ ಬೇರೆ ಕಂಪನಾಂಕಕ್ಕೂ ದಾರಿ ತೆರೆಯಬಹುದು. ಬೆಲ್-ಟೇಂಟರ್ ಜೋಡಿ ಶಾಲೆಯ ಮಾಳಿಗೆಯಿಂದ ಗಾಳಿಯಲ್ಲಿ ಕಳಿಸಿದ ಬೆಳಕು ನೂರನಲವತ್ತೈದು ವರ್ಷಗಳ ಮೇಲೆ ಮತ್ತೆ ಗಾಳಿಯಲ್ಲೇ ನಡೆಯುತ್ತಿದೆ. ಈ ಸಲ ಸುತ್ತ ಗಾಜಿನ ಕೋಟೆಯಿದೆ, ಒಳಗೆ ಮಂಜು ಇಳಿಯುವುದಿಲ್ಲ.